ಅಮ್ಮನಿಗಾಗಿ ಪೂಲ್ ನೀರು ಸ್ವಲ್ಪ ಬೆಚ್ಚಗೆ ಮಾಡಬೇಕು, ಸೋಲಾರ್‌ನಲ್ಲಿ ಆಗುತ್ತದಾ?

ಬಾರ್ಕೂರು_ಮನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಗೊತ್ತಿದ್ದವರು ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮ ಮನೆ ಬಾರ್ಕೂರು ಹತ್ತಿರ. ಅಣ್ಣ ಇರುವುದು ದುಬೈಯಲ್ಲಿ. ಮೂರು ವರ್ಷದ ಹಿಂದೆ ಹೊಸ ಮನೆ ಕಟ್ಟಿಸುವಾಗ ಮಕ್ಕಳಿಗೆ ಆಗುತ್ತದೆ ಅಂತ ಹಿಂದಿನ ಅಂಗಳದಲ್ಲಿ ಒಂದು ಈಜುಕೊಳ ಮಾಡಿಸಿದ್ದು. ಉದ್ದ 8 ಮೀಟರ್, ಅಗಲ 4 ಮೀಟರ್. ಆಳ ಒಂದು ತುದಿಯಲ್ಲಿ 1 ಮೀಟರ್, ಇನ್ನೊಂದು ತುದಿಯಲ್ಲಿ ಒಂದೂವರೆ. ಒಟ್ಟು 40,000 ಲೀಟರ್ ನೀರು ಹಿಡಿಯುತ್ತದೆ. ಬಾವಿ ನೀರೇ ತುಂಬಿಸಿದ್ದು. ಮಕ್ಕಳು ಬರುವುದು ಏಪ್ರಿಲ್, ಮೇ ರಜೆಯಲ್ಲಿ ಮಾತ್ರ. ಉಳಿದ ದಿನ ಕಸ ತೆಗೆಯುವುದು, ಕ್ಲೋರಿನ್ ಹಾಕುವುದು ಎಲ್ಲ ನಾನೇ.

ಈಗ ವಿಷಯ ಅಮ್ಮನದ್ದು. 68 ವರ್ಷ, ಎರಡೂ ಮೊಣಕಾಲು ನೋವು. ಆಪರೇಶನ್ ಈಗಲೇ ಬೇಡ, ದಿನಾ ನೀರಿನಲ್ಲಿ ಅರ್ಧ ಗಂಟೆ ನಡೆಯಿರಿ, ಭಾರ ಬೀಳುವುದಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ದೀಪಾವಳಿ ಕಳೆದ ಮೇಲೆ ಶುರು ಮಾಡಿದೆವು. ಮೊದಲ ಎರಡು ವಾರ ಚೆನ್ನಾಗಿ ನಡೆಯಿತು, ಮೆಟ್ಟಿಲು ಹತ್ತುವಾಗ ಅವರಿಗೇ ವ್ಯತ್ಯಾಸ ಗೊತ್ತಾಗುತ್ತಿತ್ತು. ಆದರೆ ಡಿಸೆಂಬರ್ ಬಂದ ಮೇಲೆ ಘಟ್ಟದ ಕಡೆಯಿಂದ ಬೆಳಗ್ಗೆ ಒಣ ಗಾಳಿ ಬೀಸುತ್ತದಲ್ಲ, ಆವಾಗಿಂದ ನೀರಿಗೆ ಇಳಿಯುವುದೇ ಕಷ್ಟ ಆಗಿದೆ. ಅವರು ಬಾಯಿ ಬಿಟ್ಟು ಹೇಳುವವರಲ್ಲ. ಆದರೆ ಕಾಲಿಟ್ಟ ಕೂಡಲೇ ಮೈ ಬಿಗಿಯಾಗುವುದು ಕಾಣುತ್ತದೆ, ಐದು ನಿಮಿಷಕ್ಕೆ ಸಾಕು ಅಂತ ಹತ್ತಿ ಬರುತ್ತಾರೆ. ಮೊನ್ನೆ ಥರ್ಮಾಮೀಟರ್ ತಂದು ನೋಡಿದೆ. ಬೆಳಗ್ಗೆ 7ಕ್ಕೆ ನೀರು 25 ಡಿಗ್ರಿ, ಮಧ್ಯಾಹ್ನ 3ಕ್ಕೆ 27.

ಸೋಲಾರ್ ಅಂಗಡಿಯವರೊಬ್ಬರು ಬಂದು ನೋಡಿ, ಬಚ್ಚಲಿಗೆ ಹಾಕುವ ಹಾಗಿನ ಗಾಜಿನ ಟ್ಯೂಬಿನ 500 ಲೀಟರ್ ಟ್ಯಾಂಕ್ ಒಂದನ್ನು ಹಾಕಿ ಪೂಲ್‌ಗೆ ಪೈಪ್ ಎಳೆದರೆ ಸಾಕು ಅಂದರು. ಭಾವ ಹೇಳುವುದು ಕರೆಂಟ್ ಹೀಟರ್ ಹಾಕು, ಸುಮ್ನೆ ತಲೆನೋವು ಯಾಕೆ ಅಂತ. ನನಗೆ ಎರಡರ ಮೇಲೂ ನಂಬಿಕೆ ಬರುತ್ತಿಲ್ಲ.

ಜಾಗದ ಬಗ್ಗೆ ಹೇಳುವುದಾದರೆ, ತಾರಸಿ ಮೇಲೆ ಮಳೆಗೆ ಅಂತ ಎಲ್ಲರ ಹಾಗೆ ಶೀಟ್ ಹೊದಿಸಿದ್ದೇವೆ, ಅದರ ಇಳಿಜಾರು ಪೂರ್ವಕ್ಕೆ ಮತ್ತು ಪಶ್ಚಿಮಕ್ಕೆ. ಹಳೆ ಮನೆಯ ಹಂಚಿನ ಮಾಡು ದಕ್ಷಿಣಕ್ಕೆ ಉಂಟು. ಪೂಲ್‌ನ ಪಂಪ್ 1 ಎಚ್‌ಪಿ, ಮರಳಿನ ಫಿಲ್ಟರ್. ನನಗೆ ಬೇಕಾದ್ದು ಬಿಸಿ ನೀರಲ್ಲ, 30 ಡಿಗ್ರಿ ಆದರೆ ಸಾಕು. ಎಂತ ಮಾಡುವುದು ಹೇಳಿ.

ಪಂಪ್_ಫಿಲ್ಟರ್_ಕುಡ್ಲ

ಮಾರಾಯ್ರೆ, ಮಂಗಳೂರು ಸುತ್ತಮುತ್ತ ಪೂಲ್‌ಗಳ ಕೆಲಸ ಮಾಡುವವನು ನಾನು. ನಿಮ್ಮ ಹಾಗೆ ಕೇಳುವವರಿಗೆ ಮೊದಲು ಒಂದೇ ಮಾತು ಹೇಳುವುದು. ಬಿಸಿ ಎಲ್ಲಿಂದ ತರುವುದು ಅಂತ ಆಮೇಲೆ ನೋಡುವ, ಇರುವ ಬಿಸಿ ಎಲ್ಲಿ ಹೋಗುತ್ತಿದೆ ಅಂತ ಮೊದಲು ನೋಡಿ.

ನಿಮ್ಮ ಪೂಲ್‌ಗೆ ಹೊದಿಕೆ ಉಂಟಾ? ನೀವು ಬರೆದದ್ದರಲ್ಲಿ ಎಲ್ಲೂ ಇಲ್ಲ, ಹಾಗಾಗಿ ಇಲ್ಲ ಅಂತಲೇ ತಿಳಿಯುತ್ತೇನೆ. ತೆರೆದ ಪೂಲ್‌ನಲ್ಲಿ ಬಿಸಿ ಹೋಗುವುದು ಬಹುಪಾಲು ನೀರು ಆವಿಯಾಗುವುದರಿಂದ. ನೆಲಕ್ಕೆ, ಗೋಡೆಗೆ ಹೋಗುವುದು ತೀರ ಕಡಿಮೆ. ಮಣ್ಣಿನ ಹೂಜಿಯಲ್ಲಿ ನೀರು ಯಾಕೆ ತಣ್ಣಗಾಗುತ್ತದೆ? ಹೊರಗೆ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ನಿಮ್ಮದು 8 ಮೀಟರ್ ಉದ್ದದ ಹೂಜಿ ಅಂತ ತಿಳಿಯಿರಿ. ಮಳೆಗಾಲದಲ್ಲಿ ಗಾಳಿಯಲ್ಲೇ ತೇವ ತುಂಬಿರುತ್ತದೆ, ಆವಿ ಕಡಿಮೆ. ಡಿಸೆಂಬರ್, ಜನವರಿಯಲ್ಲಿ ಘಟ್ಟದಿಂದ ಬರುವ ಗಾಳಿ ಒಣ ಗಾಳಿ. ಅಮ್ಮನಿಗೆ ಚಳಿ ಆದದ್ದೂ ಅದೇ ಗಾಳಿಗೆ, ನೀರು ತಣಿದದ್ದೂ ಅದೇ ಗಾಳಿಗೆ.

ನಾಳೆಯೇ ಒಂದು ಪರೀಕ್ಷೆ ಮಾಡಿ, ಖರ್ಚಿಲ್ಲ. ಒಂದು ಬಕೆಟ್‌ಗೆ ಪೂಲ್ ನೀರು ತುಂಬಿ, ಒಳಗೆ ಒಂದು ಕಲ್ಲಿಟ್ಟು ಪೂಲ್‌ನ ಮೆಟ್ಟಿಲ ಮೇಲೆ ಇಡಿ. ಬಕೆಟ್ ಒಳಗಿನ ನೀರು ಮತ್ತು ಹೊರಗಿನ ನೀರು ಒಂದೇ ಮಟ್ಟದಲ್ಲಿರಲಿ. ಎರಡೂ ಕಡೆ ಟೇಪ್ ಅಂಟಿಸಿ ಗುರುತು ಮಾಡಿ. 24 ಗಂಟೆ ಬಿಟ್ಟು ನೋಡಿ. ಎರಡೂ ಒಂದೇ ಸಮ ಇಳಿದಿದ್ದರೆ ಅದು ಆವಿ. ಪೂಲ್ ಜಾಸ್ತಿ ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಅದನ್ನು ಸರಿ ಮಾಡದೆ ಸೋಲಾರ್ ಹಾಕುವುದು ವ್ಯರ್ಥ.

ಹೊದಿಕೆ ಅಂದರೆ ಟಾರ್ಪಾಲ್ ಅಲ್ಲ. ನೀಲಿ ಅಥವಾ ಪಾರದರ್ಶಕ ಬಬಲ್ ಶೀಟ್ ಬರುತ್ತದೆ, ಪಾರ್ಸೆಲ್‌ಗೆ ಸುತ್ತುವ ಗುಳ್ಳೆ ಪ್ಲಾಸ್ಟಿಕ್‌ನ ಹಾಗೆ, ಆದರೆ ದಪ್ಪ. ಗುಳ್ಳೆ ಇರುವ ಬದಿ ನೀರಿಗೆ ತಾಗಬೇಕು. ಪೂಲ್‌ನ ಆಕಾರಕ್ಕೆ ಕತ್ತರಿಯಲ್ಲಿ ಕತ್ತರಿಸಿ ನೀರಿನ ಮೇಲೆ ತೇಲಿಬಿಡುವುದು, ಅಷ್ಟೆ. ಬಿಸಿಲು ಒಳಗೆ ಹೋಗುತ್ತದೆ, ಆವಿ ಹೊರಗೆ ಬರುವುದಿಲ್ಲ. ಪಾರದರ್ಶಕದ್ದು ತೆಗೆದುಕೊಂಡರೆ ಬಿಸಿಲು ಜಾಸ್ತಿ ಒಳಗಿಳಿಯುತ್ತದೆ. ಬಾವಿ ನೀರು ಮತ್ತೆ ಮತ್ತೆ ತುಂಬಿಸುವ ಕೆಲಸವೂ ಕಡಿಮೆ, ಕ್ಲೋರಿನ್ ಕೂಡ ಉಳಿಯುತ್ತದೆ.

ಮೂರು ಎಚ್ಚರಿಕೆ ಹೇಳಲೇಬೇಕು. ತೆಗೆದ ಶೀಟನ್ನು ಮಡಚಿ ಬಿಸಿಲಲ್ಲಿ ಹಾಕಬೇಡಿ, ಮಡಿಕೆಗಳ ನಡುವೆ ಬಿಸಿ ಏರಿ ಗುಳ್ಳೆಗಳೆಲ್ಲ ಹಾಳಾಗುತ್ತವೆ. ನೆರಳಲ್ಲಿ ಇಡಿ. ಕ್ಲೋರಿನ್ ಜಾಸ್ತಿ ಸುರಿದ ದಿನ ಶೀಟ್ ತೆಗೆದಿಡಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಬೇಗ ಪುಡಿಯಾಗುತ್ತದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಯಾರಾದರೂ ನೀರಿಗೆ ಇಳಿಯುವಾಗ ಶೀಟ್ ಪೂರ್ತಿ ತೆಗೆದಿರಬೇಕು. ಅರ್ಧ ಸರಿಸಿ ಇಳಿಯುವುದು ಬೇಡವೇ ಬೇಡ. ರಜೆಗೆ ಮಕ್ಕಳು ಬಂದಾಗ ಇನ್ನೂ ಜಾಗ್ರತೆ. ಮಗು ಶೀಟಿನ ಮೇಲೆ ಕಾಲಿಟ್ಟರೆ ಅದು ತಡೆಯುವುದಿಲ್ಲ, ಒಳಗೆ ಬಿದ್ದರೆ ಮೇಲಿನಿಂದ ಕಾಣುವುದೂ ಇಲ್ಲ.

ಪೂಲ್‌ನ ಮೂಡು ದಿಕ್ಕಿನಲ್ಲಿ ಗೋಡೆಯೋ ಬೇಲಿಯೋ ಉಂಟಾ? ಇಲ್ಲದಿದ್ದರೆ ಸದ್ಯಕ್ಕೆ ಹಸಿರು ನೆಟ್ ಆದರೂ ಕಟ್ಟಿ, ಆಮೇಲೆ ದಾಸವಾಳದ ಬೇಲಿ ಮಾಡಿದರಾಯಿತು.

ಬಾರ್ಕೂರು_ಮನೆ

ತುಂಬಾ ಉಪಕಾರ ಆಯಿತು. ಬಕೆಟ್ ಇಟ್ಟು ನೋಡಿದೆ. ಎರಡೂ ಕಡೆ ಒಂದೇ ಸಮ, 6 ಮಿಲಿಮೀಟರ್ ಇಳಿದಿದೆ. ಅಂದರೆ ಸೋರುತ್ತಿಲ್ಲ, ಅದೊಂದು ನೆಮ್ಮದಿ. ಹೊದಿಕೆ ಇಲ್ಲ. ಮೂಡು ದಿಕ್ಕು ಪೂರ್ತಿ ತೆರೆದು ಗದ್ದೆ. ಆದರೆ ಬರೀ 6 ಮಿಲಿಮೀಟರ್‌ಗೆ ಅಷ್ಟು ಬಿಸಿ ಹೋಗುತ್ತದಾ? ಮತ್ತೆ ಆ 500 ಲೀಟರ್ ಟ್ಯಾಂಕ್ ಬಗ್ಗೆ ಯಾರಾದರೂ ಹೇಳಿ, ಅವರು ದಿನಾ ಫೋನ್ ಮಾಡುತ್ತಿದ್ದಾರೆ.

ಸುರತ್ಕಲ್_ಲೆಕ್ಕ

ಬಾರ್ಕೂರಿನವರೇ, ಬನ್ನಿ ಲೆಕ್ಕ ಹಾಕುವ. ನೀವು ಅಳತೆ ಸರಿಯಾಗಿ ಕೊಟ್ಟದ್ದಕ್ಕೆ ಇದು ಸುಲಭ ಆಯಿತು.

ಒಂದು ಯೂನಿಟ್ ಕರೆಂಟಿನಲ್ಲಿರುವ ಶಾಖ ಸುಮಾರು 860 ಲೀಟರ್ ನೀರನ್ನು 1 ಡಿಗ್ರಿ ಏರಿಸುತ್ತದೆ. ನಿಮ್ಮದು 40,000 ಲೀಟರ್. ಅಂದರೆ 1 ಡಿಗ್ರಿಗೆ 46 ಯೂನಿಟ್ ಚಿಲ್ಲರೆ. 25ರಿಂದ 30ಕ್ಕೆ ಏರಿಸಲು 230 ಯೂನಿಟ್ ಬೇಕು, ಅದೂ ಒಂದು ಸಲಕ್ಕೆ. ಭಾವನವರ ಕರೆಂಟ್ ಹೀಟರ್ ಯಾಕೆ ಬೇಡ ಅಂತ ಇದರಲ್ಲೇ ಗೊತ್ತಾಯಿತಲ್ವಾ? ರಾತ್ರಿ ತಣಿಯುತ್ತದೆ, ಮರುದಿನ ಮತ್ತೆ ಉರಿಸಬೇಕು.

ಈಗ 6 ಮಿಲಿಮೀಟರ್. ನಿಮ್ಮ ಪೂಲ್‌ನ ಮೇಲ್ಮೈ 32 ಚದರ ಮೀಟರ್. ಹಾಗಾದರೆ ದಿನಕ್ಕೆ 192 ಲೀಟರ್ ಆವಿ. ಒಂದು ಲೀಟರ್ ನೀರು ಆವಿಯಾಗಲು ಮುಕ್ಕಾಲು ಯೂನಿಟ್‌ಗೆ ಸ್ವಲ್ಪ ಕಡಿಮೆ ಶಾಖ ಬೇಕು, ಸರಿಯಾಗಿ ಹೇಳಿದರೆ 0.68. ಒಟ್ಟು 130 ಯೂನಿಟ್. ಡಿಗ್ರಿ ಲೆಕ್ಕದಲ್ಲಿ 2.8. ಬಿಸಿಲು ಇಲ್ಲದೇ ಹೋಗಿದ್ದರೆ ಆವಿ ಒಂದರಿಂದಲೇ ನಿಮ್ಮ ಪೂಲ್ ದಿನಕ್ಕೆ ಅಷ್ಟು ತಣಿಯುತ್ತಿತ್ತು.

ಬಿಸಿಲಿನ ಕಡೆ ನೋಡಿ. ಈ ತಿಂಗಳಲ್ಲಿ ನಮ್ಮ ಕರಾವಳಿಯ ಶುಭ್ರ ಆಕಾಶದಲ್ಲಿ ಒಂದು ಚದರ ಮೀಟರ್‌ಗೆ ದಿನಕ್ಕೆ 5 ಯೂನಿಟ್ ಆಸುಪಾಸು ಬೀಳುತ್ತದೆ ಅಂತ ಹಿಡಿಯುವ. 32 ಚದರ ಮೀಟರ್‌ಗೆ 160 ಯೂನಿಟ್. ಅದರಲ್ಲಿ ಬಹುಪಾಲನ್ನು ನೀರು ಹೀರಿಕೊಳ್ಳುತ್ತದೆ. ಅಂದರೆ ನಿಮ್ಮ ಹತ್ತಿರ ಈಗಾಗಲೇ 32 ಚದರ ಮೀಟರ್‌ನ ಸೋಲಾರ್ ಹೀಟರ್ ಉಂಟು, ಆ ಪೂಲೇ! ಹಗಲು ಬಂದದ್ದೆಲ್ಲ ಆವಿಯಾಗಿ ಗಾಳಿಯ ಜೊತೆ ಹೋಗುತ್ತಿದೆ, ಅಷ್ಟೆ. ಬಬಲ್ ಶೀಟ್ ಹಾಕಿದರೆ ಆವಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನಿಲ್ಲುತ್ತದೆ. ಶೀಟ್ ಸ್ವಲ್ಪ ಬಿಸಿಲನ್ನು ತಡೆಯುತ್ತದೆ ನಿಜ, ಆದರೂ ಉಳಿತಾಯವೇ ಜಾಸ್ತಿ.

ಆ 500 ಲೀಟರ್ ಟ್ಯಾಂಕ್ ವಿಷಯ. 500 ಲೀಟರನ್ನು 27ರಿಂದ 60 ಡಿಗ್ರಿಗೆ ಕಾಯಿಸಿದರೆ ಸಿಗುವ ಶಾಖ 19 ಯೂನಿಟ್. ನಿಮ್ಮ ಪೂಲ್‌ನಲ್ಲಿ ಅದು 0.4 ಡಿಗ್ರಿ. ಬಚ್ಚಲಿನ ಒಂದು ಹಂಡೆ ಕುದಿನೀರನ್ನು ಬಾವಿಗೆ ಸುರಿದ ಹಾಗೆ. ಅಂಗಡಿಯವರು ಮೋಸಕ್ಕೆ ಹೇಳಿದ್ದಾರೆ ಅಂತಲ್ಲ, ಸ್ನಾನದ ನೀರಿನ ಅಂದಾಜಿನಲ್ಲಿ ಹೇಳಿರಬೇಕು. ಗಾಜಿನ ಟ್ಯೂಬಿನ ಟ್ಯಾಂಕ್ ಇರುವುದು ನೀರನ್ನು 60 ಡಿಗ್ರಿಗೆ ಕಾಯಿಸಿ ಮರುದಿನ ಬೆಳಗಿನವರೆಗೆ ಬಿಸಿಯಾಗಿ ಇಡಲಿಕ್ಕೆ. ನಿಮಗೆ ಬೇಕಾದ್ದು ತುಂಬಾ ನೀರು, ಸ್ವಲ್ಪ ಬಿಸಿ. ಅದರ ಮೇಲೆ ಕ್ಲೋರಿನ್ ಇರುವ ನೀರನ್ನು ಆ ಸ್ಟೀಲ್ ಟ್ಯಾಂಕ್‌ನಲ್ಲಿ ದಿನಾ ಓಡಿಸಿದರೆ ಟ್ಯಾಂಕ್ ಬಾಳಿಕೆ ಬರುವುದಿಲ್ಲ.

ಪೂಲ್‌ಗೆ ಅಂತಲೇ ಬರುವ ಸೋಲಾರ್ ಬೇರೆ. ಕಪ್ಪು ಪ್ಲಾಸ್ಟಿಕ್ ಅಥವಾ ರಬ್ಬರಿನ ಸಣ್ಣ ಕೊಳವೆಗಳನ್ನು ಪಕ್ಕ ಪಕ್ಕ ಜೋಡಿಸಿದ ಚಾಪೆ. ಗಾಜಿಲ್ಲ, ಟ್ಯಾಂಕಿಲ್ಲ. ಫಿಲ್ಟರಿನಿಂದ ಹೊರಟ ನೀರು ಮಾಡಿನ ಮೇಲೆ ಹೋಗಿ ಆ ಚಾಪೆಯಲ್ಲಿ ಹರಿದು ಪೂಲ್‌ಗೆ ವಾಪಸ್. ಗಾಜು ಯಾಕೆ ಬೇಡ ಅಂದರೆ, ಹಗಲಿನ ಗಾಳಿಯೇ 32 ಡಿಗ್ರಿ ಇರುವಾಗ 27 ಡಿಗ್ರಿಯ ನೀರಿಗೆ ಗಾಳಿಯಿಂದಲೂ ಬಿಸಿ ಸಿಗುತ್ತದೆ. ಪೂಲ್‌ನ ಮೇಲ್ಮೈಯ ಅರ್ಧದಿಂದ ಪೂರ್ತಿವರೆಗೆ ಚಾಪೆ ಹಾಕುವುದು ರೂಢಿ. ನಮ್ಮ ಊರಿಗೆ, ಹೊದಿಕೆಯೂ ಇದ್ದರೆ, ಅರ್ಧ ಸಾಕು. ನಿಮಗೆ 16 ಚದರ ಮೀಟರ್. ಚದರ ಮೀಟರ್‌ಗೆ ದಿನಕ್ಕೆ 3 ಯೂನಿಟ್ ಸಿಕ್ಕಿದರೂ 48 ಯೂನಿಟ್, ದಿನಕ್ಕೆ 1 ಡಿಗ್ರಿ. ಮೂರು ನಾಲ್ಕು ದಿನದಲ್ಲಿ ಏರಿ ಒಂದು ಕಡೆ ನಿಲ್ಲುತ್ತದೆ.

ಒಂದು ಮಾತು ನೆನಪಿಡಿ. ಚಾಪೆಯಿಂದ ಬರುವ ನೀರಿಗೆ ಕೈ ಹಿಡಿದರೆ ಬಿಸಿ ಅಂತ ಅನ್ನಿಸುವುದೇ ಇಲ್ಲ. ಹೋದದ್ದಕ್ಕಿಂತ ಎರಡು ಮೂರು ಡಿಗ್ರಿ ಮಾತ್ರ ಜಾಸ್ತಿ ಇರುತ್ತದೆ, ಇರಬೇಕಾದ್ದೂ ಅಷ್ಟೇ. ಬಿಸಿಯಾಗಿ ಬರಲಿ ಅಂತ ವಾಲ್ವ್ ತಿರುಗಿಸಿ ನೀರಿನ ವೇಗ ಕಡಿಮೆ ಮಾಡುವವರುಂಟು. ಆಗ ಚಾಪೆಯೇ ಕಾದು ಆ ಬಿಸಿ ಗಾಳಿಗೆ ಹೋಗುತ್ತದೆ, ಪೂಲ್‌ಗೆ ಸಿಗುವ ಒಟ್ಟು ಶಾಖ ಕಮ್ಮಿಯಾಗುತ್ತದೆ. 16 ಚದರ ಮೀಟರ್‌ಗೆ ಗಂಟೆಗೆ 3,000 ಲೀಟರ್‌ಗಿಂತ ಸ್ವಲ್ಪ ಜಾಸ್ತಿ ಹರಿಯಲಿ. ನಿಮ್ಮ 1 ಎಚ್‌ಪಿ ಪಂಪ್‌ಗೆ ಅದು ಭಾರ ಅಲ್ಲ.

ಕಟಪಾಡಿ_ತೋಟ

ಸುರತ್ಕಲ್‌ನವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಅನುಭವದಲ್ಲಿ ಕಲಿತದ್ದನ್ನು ಹೇಳುತ್ತೇನೆ, ನಿಮಗೆ ಆ ಖರ್ಚು ಉಳಿಯಲಿ.

ನಮ್ಮದು ಅಡಿಕೆ ತೋಟ. ಮಧ್ಯಾಹ್ನ ತೋಟದಲ್ಲಿ ಬಿದ್ದಿರುವ ಕಪ್ಪು ಪೈಪಿನಿಂದ ಮೊದಲು ಬರುವ ನೀರು ಕೈ ಸುಡುವಷ್ಟು ಬಿಸಿ ಇರುತ್ತದೆ, ತೋಟ ಇರುವವರಿಗೆಲ್ಲ ಗೊತ್ತು. ಅದನ್ನು ನೋಡಿಯೇ ನಾನು ಹನಿ ನೀರಾವರಿಯ 16 ಮಿಲಿಮೀಟರ್ ಪೈಪ್ 200 ಮೀಟರ್ ತಂದು ಮಾಡಿನ ಶೀಟಿನ ಮೇಲೆ ಚಕ್ಕುಲಿ ಹಾಗೆ ಸುತ್ತಿ ಪೂಲ್‌ಗೆ ಜೋಡಿಸಿದೆ. ಒಂದು ವಾರ ಓಡಿಸಿದರೂ ಅರ್ಧ ಡಿಗ್ರಿ ಏರಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕಿದೆ. 16 ಮಿಲಿಮೀಟರ್ ಅಗಲ, 200 ಮೀಟರ್ ಉದ್ದ, ಬಿಸಿಲು ಬೀಳುವ ಜಾಗ ಬರೀ 3.2 ಚದರ ಮೀಟರ್! ಅದರ ಮೇಲೆ ಅಷ್ಟು ಉದ್ದದ ಒಂದೇ ಸಣ್ಣ ಪೈಪಿನಲ್ಲಿ ನೀರು ಹೋಗಲಿಕ್ಕೆ ಜಾಗ ಇಲ್ಲದೆ ಪಂಪ್‌ನ ಒತ್ತಡ ಏರಿ ಫಿಲ್ಟರ್ ಬಾಯಿಯಲ್ಲಿ ಸೋರಲು ಶುರುವಾಯಿತು. ಪಂಪ್ ನಿಲ್ಲಿಸಿ ಮಧ್ಯಾಹ್ನ ಮತ್ತೆ ಹಾಕಿದಾಗ ಮೊದಲ ಒಂದು ನಿಮಿಷ ಕುದಿನೀರಿನಂಥದ್ದು ಪೂಲ್‌ಗೆ ಬಂತು, ಮಗ ಆ ಬದಿಯಲ್ಲೇ ನಿಂತಿದ್ದ. ಅವನಿಗೆ ಏನೂ ಆಗಲಿಲ್ಲ, ಆದರೆ ಅವತ್ತೇ ಎಲ್ಲ ಬಿಚ್ಚಿದೆ.

ಆಮೇಲೆ ಸರಿಯಾದ ಚಾಪೆಯನ್ನೇ ಹಾಕಿಸಿದೆ. ಅದರಲ್ಲಿ ಎರಡು ತುದಿಗೂ ದಪ್ಪ ಪೈಪ್, ನಡುವೆ ನೂರಾರು ಸಣ್ಣ ಕೊಳವೆ, ನೀರು ಎಲ್ಲದರಲ್ಲೂ ಒಟ್ಟಿಗೆ ಹರಿಯುತ್ತದೆ, ಹಾಗಾಗಿ ಒತ್ತಡ ಏರುವುದಿಲ್ಲ. ನಾಲ್ಕು ಚಳಿಗಾಲ ಆಯಿತು. ಹಾಕಿಸುವಾಗ ಇಷ್ಟು ನೋಡಿಕೊಳ್ಳಿ.

ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ಗಾಳಿ ಒಳಗೆ ಬಿಡುವ ಸಣ್ಣ ವಾಲ್ವ್ ಬೇಕೇ ಬೇಕು. ಪಂಪ್ ನಿಂತಾಗ ಚಾಪೆಯ ನೀರು ಕೆಳಗೆ ಇಳಿಯುತ್ತದೆ, ಗಾಳಿ ಬರಲು ದಾರಿ ಇಲ್ಲದಿದ್ದರೆ ಕೊಳವೆಗಳು ಚಪ್ಪಟೆಯಾಗಿ ಅಂಟಿಕೊಳ್ಳುತ್ತವೆ. ಫಿಲ್ಟರ್ ಮತ್ತು ಚಾಪೆ ನಡುವೆ ನೀರು ಹಿಂದಕ್ಕೆ ಬಾರದ ಹಾಗೆ ಒಂದು ಚೆಕ್ ವಾಲ್ವ್. ಇಲ್ಲದಿದ್ದರೆ ಇಳಿದ ನೀರು ಫಿಲ್ಟರಿನ ಕಸವನ್ನೆಲ್ಲ ಹಿಂದಕ್ಕೆ ತಳ್ಳುತ್ತದೆ.

ಕ್ಲಾಂಪ್, ಸ್ಕ್ರೂ ವಿಷಯದಲ್ಲಿ ಉಳಿಸಲು ಹೋಗಬೇಡಿ. ನಮ್ಮ ಮನೆಯಿಂದ ಸಮುದ್ರ ದೂರ ಇಲ್ಲ. ಮೊದಲು ಹಾಕಿದ ಸಾದಾ ಕ್ಲಾಂಪ್‌ಗಳು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಉದುರಿದವು. ಕೇಳುವಾಗ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅಂತಲೇ ಕೇಳಿ, 304 ದರ್ಜೆಯದ್ದು ಉಪ್ಪುಗಾಳಿಗೆ ಸಾಲುವುದಿಲ್ಲ. ಚಾಪೆ ಪ್ಲಾಸ್ಟಿಕ್ ಆದ್ದರಿಂದ ಅದಕ್ಕೆ ಉಪ್ಪಿನ ಭಯ ಇಲ್ಲ. ಅದಕ್ಕಿರುವ ಭಯ ತೆಂಗಿನ ಮರದ್ದು. ಒಂದು ಒಣ ಮಡಲು ಬಿದ್ದು ನನ್ನ ಒಂದು ಚಾಪೆಯಲ್ಲಿ ಆರು ಕೊಳವೆ ಒಡೆಯಿತು. ಒಡೆದ ಕೊಳವೆಗೆ ಎರಡೂ ಕಡೆ ಬಿರಡೆ ಹಾಕಿದರೆ ಉಳಿದದ್ದು ಕೆಲಸ ಮಾಡುತ್ತದೆ. ಆದರೆ ಹಾಕುವ ಮೊದಲೇ ಮೇಲೆ ಮರ ಉಂಟಾ ನೋಡಿ.

ಹಂಚಿನ ಮಾಡು ದಕ್ಷಿಣಕ್ಕೆ ಉಂಟು ಅಂತ ಆಸೆ ಪಡಬೇಡಿ. ಹಳೆ ಹಂಚಿನ ಮೇಲೆ ಓಡಾಡಿದರೆ ಒಡೆಯುತ್ತದೆ, ಪಾಚಿಗೆ ಕಾಲು ಜಾರುತ್ತದೆ. ತಾರಸಿಯ ಶೀಟ್ ಒಳ್ಳೆಯದು, ಅದು ತಾನೂ ಕಾದು ಚಾಪೆಗೆ ಕೆಳಗಿನಿಂದ ಬಿಸಿ ಕೊಡುತ್ತದೆ. ಇಳಿಜಾರು ಕಡಿಮೆ ಇರುವಾಗ ಪೂರ್ವ ಪಶ್ಚಿಮ ಅಂತ ದೊಡ್ಡ ವ್ಯತ್ಯಾಸ ಆಗುವುದಿಲ್ಲ.

ಮೇ ಕೊನೆಗೆ, ಪತ್ತನಾಜೆ ಹತ್ತಿರ ಬರುವಾಗ ನಾನು ಚಾಪೆಗೆ ಹೋಗುವ ವಾಲ್ವ್ ಬಂದ್ ಮಾಡಿ ನೀರು ಖಾಲಿ ಮಾಡುತ್ತೇನೆ. ಮತ್ತೆ ತೆರೆಯುವುದು ಅಕ್ಟೋಬರ್ ಕೊನೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದರಿಂದ ಪ್ರಯೋಜನ ಇಲ್ಲ, ಅದನ್ನು ತಿಳಿದೇ ಹಾಕಿಸಿ. ಇನ್ನೊಂದು ಉಪಯೋಗ ಯಾರೂ ಹೇಳುವುದಿಲ್ಲ. ಏಪ್ರಿಲ್, ಮೇಯಲ್ಲಿ ಪೂಲ್ ನೀರು ಜಾಸ್ತಿ ಕಾದರೆ ರಾತ್ರಿ ಆಕಾಶ ಶುಭ್ರ ಇರುವಾಗ ಅದೇ ಚಾಪೆಯಲ್ಲಿ ಪಂಪ್ ಓಡಿಸಿ, ನೀರು ತಣಿಯುತ್ತದೆ. ಮಕ್ಕಳು ರಜೆಗೆ ಬಂದಾಗ ನಾನು ಹಾಗೆಯೇ ಮಾಡುವುದು.

ಮಣಿಪಾಲ_ಮಾಡು

ಎಲ್ಲರೂ ಚಾಪೆಯನ್ನೇ ಹೇಳುತ್ತಿದ್ದೀರಿ, ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಅದೇ ಜಾಗದಲ್ಲಿ ಕರೆಂಟ್ ಮಾಡುವ ಸೋಲಾರ್ ಪ್ಯಾನೆಲ್ ಹಾಕಿ, ಪೂಲ್‌ಗೆ ಹೀಟ್ ಪಂಪ್ ಇಟ್ಟರೆ ಹೇಗೆ? ಹೀಟ್ ಪಂಪ್ ಅಂದರೆ ಎಸಿಯ ಉಲ್ಟಾ, ಹೊರಗಿನ ಗಾಳಿಯ ಬಿಸಿಯನ್ನು ಎಳೆದು ನೀರಿಗೆ ಕೊಡುತ್ತದೆ. ನಮ್ಮ ಊರಿನ ಬಿಸಿ, ತೇವದ ಗಾಳಿಗೆ ಒಂದು ಯೂನಿಟ್ ಕರೆಂಟ್ ತೆಗೆದುಕೊಂಡು ಐದು ಯೂನಿಟ್ ಹತ್ತಿರ ಶಾಖ ಕೊಡಬಲ್ಲದು. 3 ಕಿಲೋವ್ಯಾಟ್ ಪ್ಯಾನೆಲ್‌ಗೆ 15 ಚದರ ಮೀಟರ್ ಚಿಲ್ಲರೆ ಜಾಗ. ದಿನಕ್ಕೆ 12 ಯೂನಿಟ್ ಅಂದರೂ 60 ಯೂನಿಟ್ ಶಾಖ, ಚಾಪೆಗಿಂತ ಕಡಿಮೆ ಏನಲ್ಲ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಉಂಟು. ಪೂಲ್ ಬೇಡದ ದಿನ ಆ ಕರೆಂಟ್ ಮನೆಗೆ, ಮಿಕ್ಕಿದ್ದು ಮೆಸ್ಕಾಂಗೆ. ಜುಲೈಯಲ್ಲೂ ನೀರು ಬೆಚ್ಚಗೆ ಇರುತ್ತದೆ. ಅಮ್ಮನ ಮೊಣಕಾಲಿಗೆ ಮಳೆಗಾಲದಲ್ಲೂ ವ್ಯಾಯಾಮ ಬೇಕಲ್ವಾ?

ಪಂಪ್_ಫಿಲ್ಟರ್_ಕುಡ್ಲ

ಮಣಿಪಾಲದವರ ಲೆಕ್ಕ ತಪ್ಪಿಲ್ಲ, ಮಳೆಗಾಲದ ಮಾತು ನಾನೂ ಒಪ್ಪುತ್ತೇನೆ. ಆದರೆ ಹೀಟ್ ಪಂಪ್ ಒಂದು ಯಂತ್ರ. ಅದರ ಹಿಂದಿನ ಜಾಲರಿ, ಫ್ಯಾನ್, ಬೋರ್ಡ್ ಎಲ್ಲ ನಮ್ಮ ಉಪ್ಪುಗಾಳಿಗೆ ನಿಲ್ಲಬೇಕು. ಎಸಿಯ ಹೊರಗಿನ ಪೆಟ್ಟಿಗೆ ಇಲ್ಲಿ ಎಷ್ಟು ವರ್ಷ ಬರುತ್ತದೆ ಅಂತ ಎಲ್ಲರೂ ನೋಡಿದ್ದೇವೆ. ತೆಗೆದುಕೊಳ್ಳುವುದಾದರೆ ನೀರು ಹೋಗುವ ಭಾಗ ಟೈಟಾನಿಯಂ ಇರಬೇಕು, ಇಲ್ಲದಿದ್ದರೆ ಕ್ಲೋರಿನ್ ತಿಂದು ಹಾಕುತ್ತದೆ. ವರ್ಷವಿಡೀ ಬೇಕಾದವರಿಗೆ ಅದು ಸರಿ. ಬಾರ್ಕೂರಿನವರಿಗೆ ಸದ್ಯ ಬೇಕಾದ್ದು ನವೆಂಬರ್‌ನಿಂದ ಫೆಬ್ರವರಿವರೆಗೆ ನಾಲ್ಕೈದು ಡಿಗ್ರಿ. ಯಾವುದನ್ನೇ ಹಾಕಿ, ಹೊದಿಕೆ ಇಲ್ಲದಿದ್ದರೆ ಎರಡೂ ತೂತು ಬಿಂದಿಗೆಗೆ ನೀರು ತುಂಬಿಸಿದ ಹಾಗೆ.

ಚಾಪೆಗೆ ಟೈಮರ್ ಬದಲು ಎರಡು ಸೆನ್ಸರ್ ಇರುವ ಕಂಟ್ರೋಲರ್ ಹಾಕಿಸಿ. ಒಂದು ಸೆನ್ಸರ್ ಮಾಡಿನ ಮೇಲೆ, ಒಂದು ಪೂಲ್ ನೀರಿನ ಪೈಪಿನಲ್ಲಿ. ಮಾಡು ನೀರಿಗಿಂತ ನಾಲ್ಕೈದು ಡಿಗ್ರಿ ಬಿಸಿ ಆದಾಗ ಮಾತ್ರ ವಾಲ್ವ್ ತೆರೆಯುತ್ತದೆ. ಟೈಮರ್‌ಗೆ ಮೋಡ ಗೊತ್ತಾಗುವುದಿಲ್ಲ, ಮೋಡದ ದಿನ ಇದ್ದ ಬಿಸಿಯನ್ನೂ ಮಾಡಿನ ಮೇಲೆ ಕೊಂಡೊಯ್ದು ಚೆಲ್ಲುತ್ತದೆ. ಕ್ಲೋರಿನ್ ಸೇರುವ ಜಾಗ ಚಾಪೆಯಿಂದ ವಾಪಸ್ ಬರುವ ಪೈಪಿನಲ್ಲಿ ಇರಲಿ. ನೀರು 30 ದಾಟಿದರೆ ಪಾಚಿ ಬೇಗ ಹಿಡಿಯುತ್ತದೆ, ಕ್ಲೋರಿನ್ 1ರಿಂದ 3 ಪಿಪಿಎಂ (ಅಂದರೆ ಲೀಟರ್‌ಗೆ ಅಷ್ಟು ಮಿಲಿಗ್ರಾಂ) ಉಂಟಾ ಅಂತ ಈಗ ನೋಡುವುದಕ್ಕಿಂತ ಹೆಚ್ಚು ಸಲ ನೋಡಬೇಕು.

ಕುಂದಾಪ್ರ_ಅಕ್ಕ

ತಮ್ಮ, ಪೈಪಿನ ವಿಷಯ ಇವರೆಲ್ಲ ಹೇಳಿದರು. ನಾನು ಅಮ್ಮನ ವಿಷಯ ಹೇಳುತ್ತೇನೆ. ನನ್ನ ಅತ್ತೆಯವರಿಗೂ ಇದೇ ಮೊಣಕಾಲು ನೋವು, ಎರಡು ವರ್ಷ ನೀರಿನ ವ್ಯಾಯಾಮ ಮಾಡಿಸಿದ್ದೇನೆ.

ಬೆಳಗ್ಗೆ 7 ಗಂಟೆಗೇ ಯಾಕೆ ಇಳಿಸುತ್ತೀರಿ? ಇಡೀ ದಿನದಲ್ಲಿ ನೀರು ತೀರ ತಣ್ಣಗಿರುವ ಹೊತ್ತು ಅದು, ಗಾಳಿಯೂ ಆವಾಗಲೇ. ನಾಲ್ಕು ಗಂಟೆಗೆ ಇಳಿಸಿ ನೋಡಿ. ನೀವೇ ಬರೆದ ಹಾಗೆ ಈಗಲೇ ಎರಡು ಡಿಗ್ರಿ ಜಾಸ್ತಿ ಸಿಗುತ್ತದೆ, ಯಾವ ಸೋಲಾರೂ ಇಲ್ಲದೆ. ಊಟ ಆಗಿ ಎರಡು ಗಂಟೆ ಕಳೆದಿರಲಿ.

ಈಜುಗಾರರ ಸ್ಪರ್ಧೆಗೆ ನೀರು 25ರಿಂದ 28 ಡಿಗ್ರಿ ಇಡುತ್ತಾರೆ, ಯಾಕೆಂದರೆ ಅವರು ಮೈ ಬಿಸಿ ಮಾಡಿಕೊಂಡೇ ಇರುತ್ತಾರೆ. ನಿಧಾನ ನಡೆಯುವ ವಯಸ್ಸಾದವರಿಗೆ ಅದು ಚಳಿಯೇ. 29ರಿಂದ 31 ಇದ್ದರೆ ಕೀಲು ಸಡಿಲ ಆಗುತ್ತದೆ. ಅದಕ್ಕಿಂತ ತುಂಬಾ ಜಾಸ್ತಿ ಮಾಡುವುದಿದ್ದರೆ ಬಿಪಿ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರ್ ಹತ್ತಿರ ಒಮ್ಮೆ ಕೇಳಬೇಕು.

ಚಳಿ ಜಾಸ್ತಿ ಆಗುವುದು ನೀರಿನಲ್ಲಿ ಅಲ್ಲ, ಹತ್ತಿ ಬಂದ ಮೇಲೆ. ಒಂದು ದೊಡ್ಡ ಬೈರಾಸು ಹಿಡಿದುಕೊಂಡು ಮೆಟ್ಟಿಲ ಹತ್ತಿರವೇ ನಿಲ್ಲಿ, ಬಂದ ಕೂಡಲೇ ಬೆನ್ನಿಗೆ ಹೊದಿಸಿ. ಮೆಟ್ಟಿಲಿಗೆ ಹಿಡಿಯಲು ಸ್ಟೀಲ್ ಕಂಬಿ ಉಂಟಾ? ಇಲ್ಲದಿದ್ದರೆ ಸೋಲಾರ್‌ಗಿಂತ ಮೊದಲು ಅದನ್ನು ಹಾಕಿಸಿ. ಒಬ್ಬರನ್ನೇ ನೀರಿಗೆ ಬಿಡಬೇಡಿ.

ಬಾರ್ಕೂರು_ಮನೆ

ಮೂರು ವಾರ ಆಯಿತು, ಏನೇನು ಮಾಡಿದೆ ಅಂತ ಹೇಳಬೇಕಲ್ವಾ.

500 ಲೀಟರ್ ಟ್ಯಾಂಕಿನವರಿಗೆ ಬೇಡ ಅಂದೆ. ಸುರತ್ಕಲ್‌ನವರ ಲೆಕ್ಕವನ್ನು ಭಾವನಿಗೂ ತೋರಿಸಿದೆ. ಅಕ್ಕ ಹೇಳಿದ ದಿನವೇ ಹೊತ್ತು ಬದಲಾಯಿಸಿದೆ, ಕಂಬಿ ಮರುವಾರ ಬಂತು. ಪಾರದರ್ಶಕ ಬಬಲ್ ಶೀಟ್ ತರಿಸಿ ನಾನೂ ಹೆಂಡತಿಯೂ ಸೇರಿ ಕತ್ತರಿಸಿ ಹಾಕಿದೆವು. ಗದ್ದೆ ಕಡೆಗೆ ಆರಡಿ ಎತ್ತರಕ್ಕೆ ಹಸಿರು ನೆಟ್ ಕಟ್ಟಿದೆ, ಅದರ ಬುಡದಲ್ಲಿ ದಾಸವಾಳದ ಕಡ್ಡಿ ನೆಟ್ಟಿದ್ದೇನೆ.

ಶೀಟ್ ಹಾಕಿ ಮೂರನೇ ದಿನಕ್ಕೆ ಬೆಳಗಿನ ನೀರು 26.5. ಹತ್ತನೇ ದಿನಕ್ಕೆ 28. ಅಲ್ಲಿಗೆ ನಿಂತಿದೆ. ಸಂಜೆ ನಾಲ್ಕಕ್ಕೆ ಶೀಟ್ ತೆಗೆಯುವಾಗ 29.5 ಬರುತ್ತಿದೆ. ಬಾವಿಯಿಂದ ನೀರು ತುಂಬಿಸುವುದು ಹತ್ತಿರ ಹತ್ತಿರ ನಿಂತೇ ಹೋಗಿದೆ. ಇಷ್ಟು ಬರೀ ಶೀಟಿನಿಂದ ಆಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ನಿನ್ನೆ ಅಮ್ಮ 25 ನಿಮಿಷ ನಡೆದರು. ಬೈರಾಸು ಹಿಡಿದುಕೊಂಡು ನಿಂತಿದ್ದೆ, ಇನ್ನೂ ಎರಡು ಸುತ್ತು ಹೋಗುತ್ತೇನೆ, ಅಲ್ಲೇ ನಿಲ್ಲು ಅಂದರು. ಅಣ್ಣನಿಗೆ ವಿಡಿಯೋ ಕಳಿಸಿದೆ, ಚಾಪೆಯ ಖರ್ಚು ಅವನೇ ಕೊಡುತ್ತಾನಂತೆ. 16 ಚದರ ಮೀಟರ್‌ಗೇ ಹೇಳಿದ್ದೇನೆ, 316 ಕ್ಲಾಂಪ್, ಗಾಳಿ ವಾಲ್ವ್, ಚೆಕ್ ವಾಲ್ವ್, ಸೆನ್ಸರ್ ಕಂಟ್ರೋಲರ್ ಎಲ್ಲ ಬರೆದೇ ಕೊಟ್ಟಿದ್ದೇನೆ. ಮಳೆಗಾಲಕ್ಕೆ ಹೀಟ್ ಪಂಪ್ ಬೇಕಾ ಅಂತ ಮುಂದಿನ ವರ್ಷ ನೋಡುವ.

ಕೊನೆಯದಾಗಿ ಒಂದೇ ಪ್ರಶ್ನೆ. ಚಾಪೆಯನ್ನು ತಾರಸಿಯ ಶೀಟಿನ ಪೂರ್ವದ ಬದಿಗೆ ಹಾಕಲಾ, ಪಶ್ಚಿಮದ ಬದಿಗಾ? ಪೂರ್ವದ ಬದಿಯಲ್ಲಿ ಎರಡು ತೆಂಗಿನ ಮರ ಉಂಟು, ಹನ್ನೊಂದು ಗಂಟೆವರೆಗೆ ನೆರಳು. ಪಶ್ಚಿಮದಲ್ಲಿ ನೆರಳಿಲ್ಲ, ಆದರೆ ಮಧ್ಯಾಹ್ನ ಮೇಲೆ ಸಮುದ್ರದ ಗಾಳಿ ಹೊಡೆಯುತ್ತದೆ.

ಕಟಪಾಡಿ_ತೋಟ

ಪಶ್ಚಿಮಕ್ಕೇ ಹಾಕಿ. ಗಾಳಿಗೆ ಸ್ವಲ್ಪ ಬಿಸಿ ಹೋಗುತ್ತದೆ, ಆದರೆ ಎರಡು ತೆಂಗಿನ ಮರದ ನೆರಳಿಗೆ ಹೋಗುವಷ್ಟಲ್ಲ. ಮಡಲು ಬೀಳುವ ಭಯವೂ ಇಲ್ಲ. ಚಾಪೆ ಕಟ್ಟುವ ಪಟ್ಟಿ ಮಾತ್ರ ಬಿಗಿಯಾಗಿರಲಿ, ಮೇ ತಿಂಗಳ ಗುಡುಗು ಮಳೆಯ ಗಾಳಿಗೆ ಎತ್ತಿ ಹಾಕಬಾರದು. ಕಟ್ಟಿಸುವ ದಿನ ಹೇಳಿ, ನನಗೆ ಬಿಡುವಿದ್ದರೆ ಬಂದು ನೋಡುತ್ತೇನೆ.